ಇವರು ನಿಮಗೆ ಏನಾಗಬೇಕು?

ಬೆಳಕು ಹರಿಯುವ ಮೊದಲು ಅಕ್ಕ ಮಾಡಿ ಮುಗಿಸಬೇಕಾದ ಕೆಲಸಗಳು ಇವು. ದೊಡ್ಡಮ್ಮನನ್ನು ಮಗ್ಗುಲಿಗೆ ಹೊರಳಿಸಿ ಒದ್ದೆ ಬಟ್ಟೆ ತೆಗೆಯುವುದು, ಬೆನ್ನು ಒರೆಸಿ ಪೌಡರು ಹಾಕುವುದು, ಹಾಸಿಗೆ ಬದಲಿಸುವುದು. ಬಟ್ಟಲಲ್ಲಿ ನೆನೆಹಾಕಿದ್ದ ಹಲ್ಲಿನ ಸೆಟ್ಟನ್ನು ತೊಳೆದು ಅವರ ಕೈಗೆ ಸಿಗುವ ಕಡೆ ಇಡುವುದು. ಪಾತ್ರೆ ತೊಳೆಯುವ ಯಂತ್ರದಿಂದ ಪಾತ್ರೆ ಇಳಿಸುವುದು. ಯಂತ್ರಕ್ಕೆ ಹಾಕುವ ಮುಂಚೆ ಅವನ್ನು ಕೈಯಲ್ಲಿ ಒಮ್ಮೆ ತೊಳೆದಿರಬೇಕು, ಇಲ್ಲದಿದ್ದರೆ ಯಂತ್ರ ಕೊಳೆಯಾಗುತ್ತದೆ ಎನ್ನುವುದು ಅಮ್ಮಾವ್ರ ಕಾಳಜಿ. ಬಾಗಿಲ ಹಿಡಿಗಳು, ಸ್ವಿಚ್ಚುಗಳು, ಮೆಟ್ಟಿಲ ಕಂಬಿ, ಎಲ್ಲವನ್ನೂ ಔಷಧಿ ನೀರಿನಲ್ಲಿ ಒರೆಸುವುದು. ಹಾಲಿನ ಪ್ಯಾಕೆಟ್ಟುಗಳಿಗೆ ಸೋಪು ಹಚ್ಚಿ ಸ್ನಾನ ಮಾಡಿಸುವುದು, ತರಕಾರಿಯನ್ನು ಉಪ್ಪುನೀರಿನಲ್ಲಿ ಮುಳುಗಿಸುವುದು. ಮಾಸ್ಕುಗಳನ್ನು ಕುದಿಸಿ, ಹಿಂಡಿ, ಒಬ್ಬರದು ಇನ್ನೊಬ್ಬರಿಗೆ ಅದಲುಬದಲಾಗದ ಹಾಗೆ ಒಣಹಾಕುವುದು. ಸಾರ್ ಅವರ ಅಂಗಿಗೆ ಇಸ್ತ್ರಿ ಹಾಕುವುದು, ಅದೂ ಕಾಲರಿಗೆ ಮತ್ತು ಎದೆಗೆ ಮಾತ್ರ. ಮೀಟಿಂಗಿನಲ್ಲಿ ಕಾಣುವುದು ಅಷ್ಟೇ. ಅದರ ಕೆಳಗೆ ಅವರು ಚಡ್ಡಿಯಲ್ಲಿರುತ್ತಾರೆ.

ಇದೆಲ್ಲ ಮುಗಿದು ಕಿಟಕಿಯ ಪರದೆ ಸರಿಸುವ ಹೊತ್ತಿಗೆ ಅಮ್ಮಾವ್ರು ಮಹಡಿಯಿಂದ ಇಳಿದು ಬರುತ್ತಿದ್ದರು. ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಅಪ್ಪಿ ಹಿಡಿದು, ಖಾಲಿ ರಸ್ತೆಯನ್ನು ನೋಡುತ್ತ ನಿಲ್ಲುತ್ತಿದ್ದರು.

"ಎಷ್ಟು ನಿಶ್ಶಬ್ದ ಅಲ್ವಾ ಅಕ್ಕ? ಈ ಲಾಕ್‌ಡೌನು ನಮಗೆಲ್ಲ ನಿಧಾನವಾಗಿ ಬದುಕೋದನ್ನ ಕಲಿಸ್ತು."

"ಹೌದಮ್ಮಾ," ಎನ್ನುತ್ತಿದ್ದಳು ಅಕ್ಕ, ಅವರ ಸುತ್ತ ನೆಲ ಒರೆಸುತ್ತ. "ಒಂಚೂರು ಕಾಲೆತ್ತಿ."

ಅಕ್ಕ ಆ ಮನೆಯಲ್ಲಿ ಯಾರಿಗೂ ಅಕ್ಕನಲ್ಲ. ಅಮ್ಮಾವ್ರಿಗಿಂತ ವಯಸ್ಸಿನಲ್ಲಿ ಚಿಕ್ಕವಳೇ. ಅಡುಗೆಗೆ, ಮನೆಗೆಲಸಕ್ಕೆ, ಸಾರ್ ಅವರ ತಾಯಿ ದೊಡ್ಡಮ್ಮನನ್ನು ನೋಡಿಕೊಳ್ಳುವುದಕ್ಕೆಂದು ಈ ಪರದೇಶಕ್ಕೆ ಕರೆತಂದ ದಿನವೇ ಆಕೆಗೆ ಈ ಹೆಸರು ಬಿದ್ದಿತು. ಕೆಲಸದವಳು ಎಂದು ಕರೆಯುವುದು ಅಮ್ಮಾವ್ರ ಸಂಸ್ಕಾರಕ್ಕೆ ಒಗ್ಗುತ್ತಿರಲಿಲ್ಲ. ಅಕ್ಕ ಎಂದರೆ ಗೌರವ ಕೊಟ್ಟ ಹಾಗೂ ಆಯಿತು, ರಜೆ ಕೇಳುವುದಕ್ಕೆ ಆಕೆಗೇ ಸಂಕೋಚವಾಗುವ ಹಾಗೂ ಆಯಿತು. ನೆಂಟರಿಷ್ಟರ ಮುಂದೆ ಅವರು ಇನ್ನೂ ಧಾರಾಳಿ. "ಇವಳು ನಮ್ಮ ಮನೆಯವಳೇ," ಎಂದು ಅಕ್ಕನ ಭುಜ ತಟ್ಟುತ್ತಿದ್ದರು. ಮನೆಕೆಲಸದವಳು ಎಂಬ ಪದದ ನಡುವಿನಿಂದ ಕೆಲಸವನ್ನು ಎತ್ತಿಬಿಟ್ಟರೆ ಮನೆಯವಳು ಉಳಿಯುತ್ತಾಳೆ. ಎತ್ತಿದ್ದು ಪದದಿಂದ ಮಾತ್ರ. ಕೆಲಸ ಇದ್ದಲ್ಲೇ ಇತ್ತು.

ಸಾರ್ ಅವರದು ಬಚ್ಚಲುಮನೆ ಸಾಮಾನಿನ ವ್ಯಾಪಾರ. ನಲ್ಲಿ, ಟೈಲ್ಸು, ಕಮೋಡು. ಊರಿನಲ್ಲಿ ಕಾರ್ಖಾನೆ, ಇಲ್ಲಿ ಅಂಗಡಿ. ಕೆಲವು ವರ್ಷಗಳ ಹಿಂದೆ ಅವರೂ ಅಮ್ಮಾವ್ರೂ ಈ ದೇಶದ ಪಾಸ್‌ಪೋರ್ಟು ಪಡೆದು, ಊರಿನ ದೇಶದ್ದನ್ನು ವಾಪಸು ಕೊಟ್ಟಿದ್ದರು. ಆ ದಿನ ಕೇಕು ಕತ್ತರಿಸಿ, "ಅಬ್ಬಾ, ಇನ್ನು ಆ ಕ್ಯೂಗಳಲ್ಲಿ ನಿಲ್ಲೋ ಕರ್ಮ ತಪ್ಪಿತು," ಎಂದು ನಿಟ್ಟುಸಿರು ಬಿಟ್ಟಿದ್ದರು. ಅದೇ ಓಘದಲ್ಲಿ ದೊಡ್ಡಮ್ಮನನ್ನೂ ಕೂರಿಸಿ, "ಇಲ್ಲಿ ಸಹಿ ಹಾಕಮ್ಮ, ಇಲ್ಲಿ, ಮತ್ತೆ ಇಲ್ಲಿ," ಎಂದಿದ್ದರು. ಜೀವನವಿಡೀ ಗಂಡಸರು ತೋರಿಸಿದ ಕಡೆ ಸಹಿ ಹಾಕಿಕೊಂಡು ಬಂದವರು ದೊಡ್ಡಮ್ಮ. ಕನ್ನಡಕವನ್ನೂ ಕೇಳದೆ ಹಾಕಿಕೊಟ್ಟರು. ಅಕ್ಕನ ಪಾಸ್‌ಪೋರ್ಟನ್ನು ಬದಲಿಸುವ ಯೋಚನೆ ಯಾರಿಗೂ ಬರಲಿಲ್ಲ. ಅದು ಅಮ್ಮಾವ್ರ ಬೀರುವಿನಲ್ಲಿ, ಉಲ್ಲನ್ ಬಟ್ಟೆಗಳ ಕೆಳಗೆ ಬೀಗದೊಳಗೆ ಭದ್ರವಾಗಿತ್ತು. ಕಳೆದುಹೋದರೆ ಪಾಪ ಅವಳಿಗೇ ಕಷ್ಟ ಅಲ್ಲವೇ?

ಊರಿನಲ್ಲಿ ಅಕ್ಕನಿಗೆ ಎರಡು ಕೋಣೆಯ ಒಂದು ಬಾಡಿಗೆ ಮನೆ ಇತ್ತು. ಗಂಡ ಎನ್ನುವವನು ಮಗಳಿಗೆ ನಡೆಯಲು ಬರುವ ಮೊದಲೇ ನಡೆದುಹೋಗಿದ್ದ. ಮಗಳನ್ನು ತಂಗಿಯ ಮನೆಯಲ್ಲಿ ಬಿಟ್ಟು ಬಂದಿದ್ದಳಾದರೂ ಆ ಎರಡು ಕೋಣೆಗಳನ್ನು ಆಕೆ ಬಿಟ್ಟುಕೊಟ್ಟಿರಲಿಲ್ಲ. ಬೀಗ ಹಾಕಿದ ಮನೆಗೆ ಬಾಡಿಗೆ ಕಟ್ಟುವ ಹುಚ್ಚಿ ಎಂದು ಅಮ್ಮಾವ್ರು ಫೋನಿನಲ್ಲಿ ಗೆಳತಿಯರಿಗೆ ಹೇಳಿ ನಗುತ್ತಿದ್ದರು. ನಗಲಿ. ಬೀಗದ ಕೈಯನ್ನು ಅಕ್ಕ ತನ್ನ ಪೆಟ್ಟಿಗೆಯಲ್ಲಿ, ಅಮ್ಮಾವ್ರ ಬೀರುವಿಗೆ ಸೇರದ ಒಂದೇ ಒಂದು ವಸ್ತುವಾಗಿ ಇಟ್ಟುಕೊಂಡಿದ್ದಳು.

ಆ ವರ್ಷ ಅಕ್ಕ ಊರಿಗೆ ಹೋಗಬೇಕಾದ ವರ್ಷ. ಮಗಳಿಗೆ ಏನೇನು ತರಬೇಕು ಎಂದು ಮಾತಾಗಿತ್ತು. ಅಷ್ಟರಲ್ಲಿ ರೋಗ ಬಂತು, ವಿಮಾನಗಳು ನಿಂತವು, ಗಡಿಗಳಿಗೆ ಬಾಗಿಲು ಹಾಕಿದರು. ಮನೆಯಲ್ಲೇ ಇರಿ ಎಂದು ಎರಡು ದೇಶದ ಸರ್ಕಾರಗಳೂ ಹೇಳಿದವು. ಯಾವ ಮನೆಯಲ್ಲಿ ಎಂದು ಎರಡೂ ಹೇಳಲಿಲ್ಲ.

ಸಂಜೆ ಹೊತ್ತು ಬೀದಿಯವರೆಲ್ಲ ಬಾಲ್ಕನಿಗೆ ಬಂದು ಆಸ್ಪತ್ರೆಯವರಿಗಾಗಿ ಚಪ್ಪಾಳೆ ತಟ್ಟುತ್ತಿದ್ದರು. ಅಮ್ಮಾವ್ರು ಲಿಪ್‌ಸ್ಟಿಕ್ ಹಚ್ಚಿಕೊಂಡು ತಟ್ಟುತ್ತಿದ್ದರು. ಸಾರ್ ಅದನ್ನು ಫೋನಿನಲ್ಲಿ ಹಿಡಿಯುತ್ತಿದ್ದರು. ಚಪ್ಪಾಳೆಯ ನಂತರ ಬಾಲ್ಕನಿಯ ಕಂಬಿಯನ್ನು ಅಕ್ಕ ಮತ್ತೆ ಒರೆಸುತ್ತಿದ್ದಳು, ಏಕೆಂದರೆ ಕೈ ಇಟ್ಟಿದ್ದರಲ್ಲ.

ತಂಗಿಗೆ ಜ್ವರ ಎಂಬ ಸುದ್ದಿ ಬಂದ ಹಿಂದೆಯೇ ತಂಗಿ ಇಲ್ಲ ಎಂಬ ಸುದ್ದಿಯೂ ಬಂತು. ಅಕ್ಕ ಪಾತ್ರೆ ತೊಳೆಯುವ ತೊಟ್ಟಿಯ ಮುಂದೆ ನಿಂತು ನಲ್ಲಿ ಪೂರ್ತಿ ತಿರುಗಿಸಿ ಅತ್ತಳು. ನೀರು ಸುಮ್ಮನೆ ಹೋಗುತ್ತಿದೆ ಎಂದು ಅಮ್ಮಾವ್ರು ಮೇಲಿನಿಂದಲೇ ಕೂಗಿ ಹೇಳಿದರು. ವಿಷಯ ತಿಳಿದ ಮೇಲೆ ಇಳಿದು ಬಂದು, ಅಂತರ ಕಾಯ್ದುಕೊಂಡು ಸಮಾಧಾನ ಮಾಡಿದರು. ಮಧ್ಯಾಹ್ನದ ಅಡುಗೆ ಏನಾದರೂ ಸರಳವಾಗಿ ಮಾಡು ಸಾಕು ಎಂದು ದೊಡ್ಡ ಮನಸ್ಸು ಮಾಡಿದರು. ಸಾರ್ ಮಾತ್ರ ಸರಳ ಎಂದರೆ ಏನು ಎಂದು ಎರಡು ಸಲ ಕೇಳಿದರು.

ಆಮೇಲೆ ಮಗಳ ಫೋನುಗಳು ಬದಲಾದವು. ಅವಳಿಗಿನ್ನೂ ಹದಿನಾರು ತುಂಬಿರಲಿಲ್ಲ. ಮೊದಲು ಶಾಲೆಯ ಮಾತಾಡುತ್ತಿದ್ದವಳು ಈಗ ಪಿಸುದನಿಯಲ್ಲಿ, ಹಿಂದೆ ಪಾತ್ರೆಗಳ ಸದ್ದಿನ ನಡುವೆ ಮಾತಾಡತೊಡಗಿದಳು.

"ಅಮ್ಮಾ, ನಾನೀಗ ಎಲ್ಲ ಕಲ್ತಿದ್ದೀನಿ ಗೊತ್ತಾ? ಕತ್ತಲಿರುವಾಗ್ಲೇ ಎದ್ದುಬಿಡ್ತೀನಿ. ಚಿಕ್ಕಮ್ಮನ ಪಾಪೂನ ಒದ್ದೆ ಬಟ್ಟೆ ತೆಗೆದು, ನೀರು ಕಾಯಿಸಿ, ಅಡುಗೆ ಮಾಡಿ, ಚಿಕ್ಕಪ್ಪನ ಅಂಗಿ ಇಸ್ತ್ರಿ ಮಾಡಿ..."

"ನಿನ್ನ ಕ್ಲಾಸು?"

"ಫೋನು ಚಿಕ್ಕಪ್ಪನ ಹತ್ರ ಇರುತ್ತಲ್ಲಮ್ಮಾ. ಪರವಾಗಿಲ್ಲ ಬಿಡು. ಚಿಕ್ಕಪ್ಪ ಎಲ್ಲರ ಹತ್ರ ಹೊಗಳ್ತಾರೆ."

ಚಿಕ್ಕಪ್ಪ, ಅಂದರೆ ತಂಗಿಯ ಗಂಡ, ಫೋನು ಇಸಿದುಕೊಂಡು ತಾನೇ ಮಾತಾಡಿದ. ಹೆಂಡತಿ ಹೋದಾಗ ಗಳಗಳ ಅತ್ತವನ ದನಿ ಈಗ ಹೊಟ್ಟೆ ತುಂಬಿದವನ ದನಿಯಾಗಿತ್ತು. "ನೀವೇನೂ ಯೋಚನೆ ಮಾಡಬೇಡಿ ಅಕ್ಕಾ. ಹುಡುಗಿ ಬಂಗಾರ. ನಮ್ಮ ಮನೆಯವಳೇ ಆಗಿಬಿಟ್ಟಿದ್ದಾಳೆ. ನಮ್ಮಮ್ಮನೂ ಅದನ್ನೇ ಹೇಳ್ತಿದ್ಲು. ಹೊರಗಿನವಳು ಯಾರೋ ಬಂದು ಈ ಮಕ್ಕಳನ್ನ ನೋಡ್ಕೊಳ್ತಾಳಾ? ಎದುರಿಗೇ ಮನೆಯವಳು ಇರೋವಾಗ?"

ಮನೆಯವಳು ಎಂದು ಗಂಡಸು ಯಾರನ್ನು ಕರೆಯುತ್ತಾನೆ ಎಂಬುದು ಅಕ್ಕನಿಗೆ ಗೊತ್ತಿಲ್ಲದ ವಿಷಯವಲ್ಲ. ಒಂದೇ ಪದ. ಅಮ್ಮಾವ್ರ ಬಾಯಲ್ಲಿ ಅದು ಸಂಬಳದ ಕೆಲಸಕ್ಕೆ ಹೊದಿಸಿದ ಶಾಲು. ಅವನ ಬಾಯಲ್ಲಿ ಸಂಬಳವೂ ಇಲ್ಲ, ಬಿಡುಗಡೆಯೂ ಇಲ್ಲ. ಮಗಳಿಗೆ ಅದು ಅರ್ಥವಾಗಿರಲಿಲ್ಲ. ಹೊಗಳಿಕೆ ಎಂದುಕೊಂಡು ಖುಷಿಯಾಗಿದ್ದಳು.

ಮರುದಿನ ಅಕ್ಕ ಊರಿನ ದೇಶದ ರಾಯಭಾರ ಕಚೇರಿಗೆ ಫೋನು ಮಾಡಿದಳು. ಕರೆ ನಮಗೆ ಬಹಳ ಮುಖ್ಯ ಎಂದು ಒಂದು ಹೆಣ್ಣುದನಿ ಹೇಳಿತು. ಆಮೇಲೆ ಸಂಗೀತ. ಸಂಗೀತ ಕೇಳುತ್ತಲೇ ಆಕೆ ಹಿಟ್ಟು ಕಲೆಸಿದಳು, ಬೇಳೆ ತೊಳೆದಳು, ದೊಡ್ಡಮ್ಮನಿಗೆ ಗುಳಿಗೆ ಕೊಟ್ಟಳು. ಕೊನೆಗೊಬ್ಬ ಗುಮಾಸ್ತ ಸಿಕ್ಕಿದ. ವಿಶೇಷ ವಿಮಾನ ಬಿಡುತ್ತಾರಂತೆ, ತನ್ನ ಹೆಸರು ಬರೆಸಬೇಕು ಎಂದಳು.

"ಗರ್ಭಿಣಿಯಾ?"

"ಅಲ್ಲ ಸಾರ್."

"ವಯಸ್ಸಾದವರಾ? ವಿದ್ಯಾರ್ಥಿಯಾ? ಕಾಯಿಲೆ ಏನಾದ್ರೂ?"

"ಇಲ್ಲ. ನನ್ನ ತಂಗಿ ತೀರಿಹೋದ್ಲು. ಮಗಳು ಒಬ್ಬಳೇ ಇದ್ದಾಳೆ, ಅವಳ ಚಿಕ್ಕಪ್ಪನ ಮನೇಲಿ."

"ಮನೇಲಿದ್ದಾಳಲ್ಲಮ್ಮ, ಮತ್ತೇನು? ಕೆಲಸ ಹೋಯ್ತಾ ನಿಮ್ಮದು?"

"ಕೆಲಸ ಇದೆ ಸಾರ್. ಬೇಕಾದಷ್ಟಿದೆ."

"ಹಾಗಾದ್ರೆ ನಿಮಗೇನು ಕಷ್ಟ?"

ಅಕ್ಕ ಬೇಳೆಯ ನೀರು ಬಸಿದಳು. "ಅಲ್ಲ ಸಾರ್, ನಾನು ನಮ್ಮ ದೇಶದವಳೇ ತಾನೆ? ನನ್ನ ಮನೆಗೆ ನಾನು ಹೋಗೋದಕ್ಕೆ ಹಕ್ಕಿಲ್ವಾ?"

"ಹಕ್ಕಿದೆ, ಯಾರು ಇಲ್ಲ ಅಂದ್ರು? ಸೀಟಿಲ್ಲ." ಅವನಿಗೆ ತನ್ನ ಮಾತು ತನಗೇ ಹಿಡಿಸಿದಂತಿತ್ತು. ಸ್ವಲ್ಪ ಮೆತ್ತಗಾಗಿ ಮುಂದುವರಿಸಿದ. "ನೋಡಿಯಮ್ಮಾ, ವಿಮಾನದ ಬಾಗಿಲಿಗೆ ಬಂದು ನಿಂತ ಪ್ರಜೆಯನ್ನ ಯಾರೂ ಹಿಂದಕ್ಕೆ ಕಳಿಸೋ ಹಾಗಿಲ್ಲ. ಅದು ಕಾನೂನು. ಬಾಗಿಲವರೆಗೆ ಬರೋದು ನಿಮ್ಮ ಅದೃಷ್ಟ."

ಹಕ್ಕು ಎನ್ನುವುದು ಅವನ ಮೇಜಿನ ಗಾಜಿನ ಕೆಳಗೆ ಇಟ್ಟ ಚಿತ್ರದ ಹಾಗೆ. ನೋಡಬಹುದು, ಮುಟ್ಟುವ ಹಾಗಿಲ್ಲ.

ಈ ಹಕ್ಕಿನ ಬಗ್ಗೆ ಅಮ್ಮಾವ್ರು ಒಂದು ಭಾಷಣವನ್ನೇ ಮಾಡಿದರು. ಊರಿನವರ ಸಂಘಕ್ಕೆ ಅವರು ಉಪಾಧ್ಯಕ್ಷೆ. ಸಂಘದ ಆನ್‌ಲೈನ್ ಸಭೆಯ ವಿಷಯ "ತಾಯ್ನಾಡಿಗೆ ಮರಳುವ ಹಕ್ಕು". ಸಭೆಯಲ್ಲಿದ್ದ ಬಹುಪಾಲು ಜನ ತಾಯ್ನಾಡಿನ ಪಾಸ್‌ಪೋರ್ಟನ್ನು ಹಳೆ ಚಪ್ಪಲಿಯಂತೆ ಬಿಟ್ಟು ಬಂದವರು. ಆದರೂ ಗಂಟಲು ಗದ್ಗದವಾಗುವುದಕ್ಕೆ ಪಾಸ್‌ಪೋರ್ಟು ಬೇಕಿಲ್ಲ. ಅಮ್ಮಾವ್ರು ಪುಸ್ತಕಗಳ ಕಪಾಟು ಹಿಂದೆ ಕಾಣುವ ಹಾಗೆ ಕೂತರು. ಅದರ ಧೂಳನ್ನು ಅಕ್ಕ ಬೆಳಗ್ಗೆಯೇ ತೆಗೆದಿದ್ದಳು.

"ಮನೆಗೆ ಮರಳೋದು ಭಿಕ್ಷೆ ಅಲ್ಲ, ಅದು ಪ್ರತಿಯೊಬ್ಬ ಪ್ರಜೆಯ ಹಕ್ಕು," ಎಂದರು ಅಮ್ಮಾವ್ರು ಕ್ಯಾಮೆರಾಕ್ಕೆ. "ಎಲ್ಲೋ ಒಬ್ಬ ತಾಯಿ ತನ್ನ ಮಗುವಿಗಾಗಿ ಹಾತೊರೆದು ಕೂತಿರಬಹುದು. ಆ ತಾಯಿಯ ಕಣ್ಣೀರು ನನಗಿಲ್ಲಿ ಕಾಣಿಸ್ತಿದೆ..."

ಆ ತಾಯಿ ಕ್ಯಾಮೆರಾಕ್ಕೆ ಕಾಣದ ಕಡೆ ನಿಂತು, ಅವರ ಗಂಟಲು ಒಣಗದ ಹಾಗೆ ಬಿಸಿನೀರಿನ ಲೋಟ ಹಿಡಿದುಕೊಂಡಿದ್ದಳು. ಅಷ್ಟರಲ್ಲಿ ಕಪಾಟಿನ ಪಕ್ಕದ ಬಾಗಿಲು ತೆರೆದು ದೊಡ್ಡಮ್ಮ, ಲಂಗ ರವಿಕೆಯಲ್ಲಿ, ಗೋಡೆ ಹಿಡಿದುಕೊಂಡು ಒಳಗೆ ಬಂದರು.

"ಏ ಅಕ್ಕಾ, ನನ್ನ ಹಲ್ಲೆಲ್ಲಿಟ್ಟೆಯೇ? ಇವಳು ಯಾರ ಹತ್ರ ಹೀಗೆ ಅಳ್ತಿದ್ದಾಳೆ? ಯಾರು ಸತ್ರು?"

ತಾಯ್ನಾಡಿಗೆ ಮರಳುವ ಹಕ್ಕು ಅಲ್ಲಿಗೆ ಕಪ್ಪು ಪರದೆಯಾಯಿತು.

ಕೋಪ ಇಳಿಯಲೆಂದು ಅಕ್ಕ ಕಾದಳು. ತಟ್ಟೆ ಎತ್ತುವಾಗ ಮೆಲ್ಲಗೆ ಕೇಳಿದಳು. "ಅಮ್ಮಾ, ನೀವು ಹೇಳಿದ ಆ ಹಕ್ಕು, ಅದು ನನಗೂ ಇರುತ್ತಲ್ವಾ?"

ಅಮ್ಮಾವ್ರಿಗೆ ನಿಜಕ್ಕೂ ಆಶ್ಚರ್ಯವಾಯಿತು. "ನಿನಗ್ಯಾಕೆ ಅಕ್ಕ ಅದೆಲ್ಲ? ನೀನು ಮನೇಲೇ ಇದ್ದೀಯಲ್ಲ!"

ಆ ದಿನದ ಅವಮಾನವನ್ನು ಅಮ್ಮಾವ್ರು ಮರೆಯಲಿಲ್ಲ. ಮುಂದಿನ ದಿನಗಳಲ್ಲಿ ಅತ್ತೆಯ ಆರೋಗ್ಯದ ಬಗ್ಗೆ ಅವರ ಕಳವಳ ಹೆಚ್ಚುತ್ತ ಹೋಯಿತು. ಇಲ್ಲಿ ರೋಗ ಜಾಸ್ತಿ, ಊರಿನಲ್ಲಿ ಗಾಳಿ ಚೆನ್ನಾಗಿದೆ, ಅಲ್ಲಿರುವ ತಮ್ಮ ಮಗಳ ಜೊತೆ ಇದ್ದರೆ ಅವರಿಗೂ ಮನಸ್ಸಿಗೆ ಹಿತ. ಸಾರ್ ತಲೆಯಾಡಿಸಿ ತಾಯಿಗೆ ಟಿಕೆಟ್ಟು ಹುಡುಕಿದರು. ಆಗ ಗೊತ್ತಾಯಿತು, ಪರದೇಶದ ಪ್ರಜೆಗಳಿಗೆ ಊರಿನ ದೇಶ ಬಾಗಿಲು ಹಾಕಿದೆ. ದೊಡ್ಡಮ್ಮ ಈಗ ಪರದೇಶದವರು. ಒಂದೇ ಒಂದು ಕಿಂಡಿ ಇತ್ತು. ವಯಸ್ಸಾದ ತಂದೆ ಅಥವಾ ತಾಯಿಯನ್ನು, ಊರಿನ ದೇಶದ ಪ್ರಜೆಯಾದ ಮಗನೋ ಮಗಳೋ ಜೊತೆಯಲ್ಲಿ ಕರೆತರಬಹುದು. ಅಂಥ ಇಬ್ಬರಿಗೆ ಸೀಟು ಮೊದಲು. ಆ ಮನೆಯಲ್ಲಿ ಊರಿನ ದೇಶದ ಪ್ರಜೆ ಯಾರು ಎಂದು ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಒಳಗೆ ಅಡುಗೆಮನೆಯಲ್ಲಿ ಆ ಪ್ರಜೆ ಪಾತ್ರೆ ತಿಕ್ಕುತ್ತಿತ್ತು.

"ಬಾ ಅಕ್ಕ, ಕೂತ್ಕೋ," ಎಂದರು ಸಾರ್, ಊಟದ ಮೇಜಿನ ಕುರ್ಚಿ ತೋರಿಸಿ.

ಆ ಕುರ್ಚಿಗಳನ್ನು ಅಕ್ಕ ದಿನವೂ ಒರೆಸುತ್ತಿದ್ದಳು. ಕೂತಿರಲಿಲ್ಲ. ಈಗ ಅಂಚಿನಲ್ಲಿ ಕೂತಳು.

"ನೀನು ಊರಿಗೆ ಹೋಗಬೇಕು ಅಂತಿದ್ದೆಯಲ್ಲ? ನಿನಗೆ ಸೀಟು ಮಾಡಿಸ್ತೀವಿ. ನಾಲ್ಕು ದಿನದಲ್ಲಿ ಹೊರಡಬಹುದು. ಅಮ್ಮನ್ನ ಜೊತೆಗೆ ಕರ್ಕೊಂಡು ಹೋಗು, ಅಷ್ಟೇ. ಅರ್ಜಿಯಲ್ಲಿ ನೀನು ಅವಳ ಮಗಳು ಅಂತ ಹಾಕ್ತೀವಿ."

"ಸುಳ್ಳಾಗಲ್ವಾ ಸಾರ್?"

"ಸುಳ್ಳೇನು ಬಂತು?" ಅಮ್ಮಾವ್ರು ನಕ್ಕರು. "ದಿನಾ ದೊಡ್ಡಮ್ಮಾ ದೊಡ್ಡಮ್ಮಾ ಅಂತೀಯ. ಅದರಲ್ಲೇ ಅಮ್ಮ ಇದೆಯಲ್ಲ. ಆ ದೊಡ್ಡ ಒಂದನ್ನ ತೆಗೆದುಬಿಡು, ಆಯ್ತು. ನೀನು ನಮ್ಮ ಮನೆಯವಳೇ ತಾನೆ?"

ಪದಗಳ ನಡುವಿನಿಂದ ಬೇಕಾದ್ದನ್ನು ತೆಗೆಯುವ ಕಲೆ ಅಮ್ಮಾವ್ರಿಗೆ ಮೊದಲಿನಿಂದಲೂ ಕರಗತ.

"ಅಲ್ಲಿ ಇಳಿದ ಮೇಲೆ ನಾನು ನನ್ನ ಮಗಳ ಹತ್ರ..."

"ಅದು ಹೇಗಾಗುತ್ತೆ?" ಎಂದರು ಸಾರ್. "ತಾಯಿ ಮಗಳು ಅಂದ ಮೇಲೆ ಒಂದೇ ವಿಳಾಸ. ಇಬ್ಬರನ್ನೂ ಅದೇ ಮನೇಲಿ ಕ್ವಾರಂಟೈನ್ ಇಡ್ತಾರೆ. ನನ್ನ ತಂಗಿ ಮನೆ ವಿಳಾಸ ಕೊಡ್ತೀವಿ. ಅವಳಿಗೂ ಕೆಲಸದವರು ಯಾರೂ ಬರ್ತಿಲ್ಲ, ಪಾಪ, ಕೈ ಬಿರುಕು ಬಿಟ್ಟುಹೋಗಿವೆ. ಎಲ್ಲ ಸರಿಹೋಗೋವರೆಗೂ ನೀನು ಅಲ್ಲೇ ಇರು."

"ಸರಿಹೋಗೋದು ಯಾವಾಗ ಸಾರ್?"

"ಅದು ನಮ್ಮ ಕೈಯಲ್ಲಿದೆಯಾ ಅಕ್ಕ?"

"ಮಗಳ ಜೊತೆ ಫೋನಲ್ಲಿ ಮಾತಾಡು," ಅಮ್ಮಾವ್ರು ಸೇರಿಸಿದರು. "ಒಂದೇ ದೇಶದಲ್ಲಿದ್ದರೆ ಮಾತು ಎಷ್ಟು ಸ್ಪಷ್ಟ ಕೇಳುತ್ತೆ ಗೊತ್ತಾ!"

ಅಕ್ಕ ಎದ್ದು, ಕೂತಿದ್ದ ಕುರ್ಚಿಯನ್ನು ಅಭ್ಯಾಸಬಲದಿಂದ ಒರೆಸಿ, "ಆಗಲಿ ಅಮ್ಮಾ," ಎಂದಳು. ಆಗ ಆಕೆಯ ಮನಸ್ಸಿನಲ್ಲಿ ಇದ್ದದ್ದು ಗುಮಾಸ್ತ ಹೇಳಿದ ಆ ಬಾಗಿಲು ಒಂದೇ. ಮೊದಲು ಅಲ್ಲಿಗೆ ಹೋಗಿ ನಿಲ್ಲಬೇಕು. ಮುಂದಿನದನ್ನು ಯೋಚಿಸಿರಲಿಲ್ಲ.

ಅಕ್ಕ ದೊಡ್ಡಮ್ಮನ ಮಗಳೆಂದು ದೃಢೀಕರಿಸಿ ಸಂಘದ ಅಧ್ಯಕ್ಷರು ಪತ್ರ ಕೊಟ್ಟರು. ಅಧ್ಯಕ್ಷರು ಸತ್ಯವಂತರೆಂದೇ ಹೆಸರಾದವರು. ಆದರೆ ಅವರ ಬಚ್ಚಲುಮನೆಗೆ ಹೊಸ ನಲ್ಲಿಗಳು ಬೇಕಾಗಿದ್ದವು.

ಹೊರಡುವ ಹಿಂದಿನ ಮಧ್ಯಾಹ್ನ ಅಕ್ಕ ದೊಡ್ಡಮ್ಮನ ಕಾಲನ್ನು ಬಿಸಿನೀರಿನಲ್ಲಿ ನೆನೆಸಿ ಉಗುರು ತೆಗೆಯುತ್ತಿದ್ದಳು. ಕಲ್ಲಿನಂಥ ಉಗುರುಗಳು. ನೆನೆಯದೆ ಕತ್ತರಿ ಹಿಡಿಯುವುದಿಲ್ಲ.

"ನಾನು ನಿನ್ನ ಹೆತ್ತಮ್ಮ ಅಂತೆ," ಎಂದರು ದೊಡ್ಡಮ್ಮ. "ಹೆತ್ತ ನೆನಪೇ ಇಲ್ಲ ನೋಡು. ಹೆರಿಗೆ ಸಲೀಸಾಗಿರಬೇಕು."

"ನಿಮಗ್ಯಾವುದು ನೆನಪಿರುತ್ತೆ ದೊಡ್ಡಮ್ಮಾ? ಹಲ್ಲು ಎಲ್ಲಿಟ್ಟಿರಿ ಅನ್ನೋದೇ ನೆನಪಿರಲ್ಲ."

"ಅದು ನೀನಿಡೋದು, ನಾನಲ್ಲ." ಇನ್ನೊಂದು ಕಾಲು ಚಾಚಿದರು. "ನಾನು ಆ ದೇಶದವಳಲ್ವಂತೆ ಕಣೆ. ಇವನು ಅಂದು ಸಹಿ ಹಾಕಿಸಿಕೊಂಡ, ಹಾಕಿದೆ. ಬ್ಯಾಂಕಿಂದು ಅಂದ್ಕೊಂಡೆ. ನನ್ನನ್ನ ಒಂದು ಮಾತು ಕೇಳಬೇಡ್ವಾ? ಮದುವೇಲೂ ಕೇಳಲಿಲ್ಲ, ಬಿಡು. ಈಗ ಮಗಳ ಮನೆಗೆ ಹೋಗು ಅಂತಾರೆ. ಅದು ಅಳಿಯನ ಮನೆ. ಇದು ಸೊಸೆ ಮನೆ. ಯಾವುದಾದ್ರೇನು." ನೀರಿನಲ್ಲಿ ಕಾಲಾಡಿಸಿದರು. "ನೀನಿರ್ತೀಯಲ್ಲ ಜೊತೆಗೆ. ನನಗೆ ಅಷ್ಟು ಸಾಕು. ನೀನಿರೋದೇ ನನ್ನ ಮನೆ."

ಅಕ್ಕ ತಲೆ ಎತ್ತಲಿಲ್ಲ. ಕಿರುಬೆರಳಿನ ಉಗುರು ಬಾಕಿ ಇತ್ತು. ಮುದುಕಿ ಕೆಟ್ಟವಳೇನಲ್ಲ. ಆ ಮನೆಯಲ್ಲಿ ಅಕ್ಕನಿಗೆ ಊಟವಾಯಿತೇ ಎಂದು ಕೇಳುತ್ತಿದ್ದವಳು ಆಕೆಯೊಬ್ಬಳೇ. ಆದರೆ ಆಕೆಗೂ ಗೊತ್ತಾಗದ ಒಂದು ವಿಷಯವಿತ್ತು. ಇನ್ನೊಬ್ಬರಿಗೆ ಮನೆಯಾಗುವುದೆಂದರೆ ಅವರು ಮಲಗಿದಷ್ಟು ಹೊತ್ತೂ ತಾನು ಎದ್ದಿರುವುದು. ಆ ಕೆಲಸವನ್ನು ಊರಿನಲ್ಲಿ ಈಗ ಒಬ್ಬ ಹುಡುಗಿ ಕಲಿಯುತ್ತಿದ್ದಳು.

ವಿಮಾನ ನಿಲ್ದಾಣಕ್ಕೆ ಕಾರಿನಲ್ಲಿ ಹೋದರು. ದಾರಿಯಲ್ಲಿ ಅಮ್ಮಾವ್ರು ಬೀರುವಿನ ವಾಸನೆಯಿದ್ದ ಪಾಸ್‌ಪೋರ್ಟನ್ನು ಚೀಲದಿಂದ ತೆಗೆದು, ಬಹುಮಾನ ವಿತರಿಸುವವರ ಹಾಗೆ ಎರಡು ಕೈಯಲ್ಲಿ ಕೊಟ್ಟರು. "ಜೋಪಾನ ಅಕ್ಕ. ನಾವೇ ಇಷ್ಟು ವರ್ಷ ಜೋಪಾನ ಮಾಡಿದ್ದೀವಿ." ಪ್ರಯಾಣಿಕರನ್ನು ಬಿಟ್ಟು ಬೇರೆ ಯಾರಿಗೂ ಒಳಗೆ ಪ್ರವೇಶವಿರಲಿಲ್ಲ. ಅದು ಅವರಿಗೆ ಅನುಕೂಲವೇ ಆಯಿತು. ಸಾರ್ ಗಾಲಿಕುರ್ಚಿಯನ್ನು ಇಳಿಸಿ, ತಾಯಿಯನ್ನು ಅಕ್ಕ ಅದರಲ್ಲಿ ಕೂರಿಸುವುದನ್ನು ನೋಡುತ್ತ ಕೈಗೆ ಔಷಧಿ ಹಚ್ಚಿಕೊಂಡರು. ಅಮ್ಮಾವ್ರು ಕಿಟಕಿಯ ಗಾಜನ್ನು ಬೆರಳಗಲ ಇಳಿಸಿ ಕೈಗವಸಿನ ಕೈ ಬೀಸಿದರು.

"ನಾವು ಇಲ್ಲೇ ಕಾರಲ್ಲಿ ಕಾಯ್ತಿರ್ತೀವಿ," ಎಂದರು ಸಾರ್. "ಕಾಗದಪತ್ರದಲ್ಲಿ ಏನಾದ್ರೂ ತಕರಾರು ಬಂದ್ರೆ ಫೋನ್ ಮಾಡು. ಒಳಗೆ ಬಿಟ್ರು ಅಂದ ತಕ್ಷಣ ಒಂದು ಮೆಸೇಜ್ ಹಾಕು, ನಾವು ಹೊರಡ್ತೀವಿ."

"ಮಗನೇ, ಹುಷಾರು ಕಣೋ," ಎಂದರು ದೊಡ್ಡಮ್ಮ. ಅಷ್ಟರಲ್ಲಿ ಗಾಜು ಮೇಲೇರಿತ್ತು.

ಒಳಗೆ ನೆಲಕ್ಕೆ ಅಂಟಿಸಿದ ಹಳದಿ ಗುರುತುಗಳ ಮೇಲೆ ಜನ ನಿಂತಿದ್ದರು. ಒಬ್ಬೊಬ್ಬರೂ ಒಂದೊಂದು ಗುರುತಿನ ಮೇಲೆ, ಅಂಗಡಿಯಲ್ಲಿ ಜೋಡಿಸಿಟ್ಟ ಬೊಂಬೆಗಳಂತೆ. ಅಕ್ಕನ ಭುಜದಲ್ಲಿ ದೊಡ್ಡಮ್ಮನ ಔಷಧಿಯ ಚೀಲ, ಕೈಯಲ್ಲಿ ಗಾಲಿಕುರ್ಚಿ, ಒಳಗಿನ ಜೇಬಿನಲ್ಲಿ ಬೀಗದ ಕೈ. ಸಾಲು ಮೆಲ್ಲಗೆ ಸರಿಯುತ್ತಿತ್ತು. ಅಷ್ಟರಲ್ಲಿ ಮಗಳ ಫೋನು ಬಂತು.

"ಅಮ್ಮಾ, ನೀನು ನಿಜವಾಗ್ಲೂ ಬರ್ತಿದ್ದೀಯಾ?"

"ಬರ್ತಿದ್ದೀನಿ ಪುಟ್ಟಾ. ಸಾಲಲ್ಲಿದ್ದೀನಿ."

"ಚಿಕ್ಕಪ್ಪನ ಅಮ್ಮ ಬಂದಿದ್ದಾರೆ. ನನಗೆ ಹೊಸ ಬಟ್ಟೆ ತಂದಿದ್ದಾರೆ, ಅಮ್ಮಾ. ತುಂಬ ಒಳ್ಳೇದು. ನಾಡಿದ್ದು ಹಾಕ್ಕೋಬೇಕಂತೆ. ನಾಲ್ಕು ಜನ ಬರ್ತಾರಂತೆ." ದನಿ ಇನ್ನೂ ಸಣ್ಣದಾಯಿತು. "ನನಗೇನೂ ಹುಟ್ಟುಹಬ್ಬ ಇಲ್ವಲ್ಲ. ಯಾಕಮ್ಮಾ?"

ಅಕ್ಕ ಫೋನನ್ನು ಕಿವಿಗೆ ಒತ್ತಿ ಹಿಡಿದಳು. "ಬಟ್ಟೆ ಮುಟ್ಟಬೇಡ," ಎಂದಳು. "ನಾನು ಇಳಿದ ತಕ್ಷಣ ಫೋನ್ ಮಾಡ್ತೀನಿ. ನಮ್ಮ ಮನೆಗೆ ಬಂದುಬಿಡು, ಬೀಗ ಹಾಕಿದೆಯಲ್ಲ, ಆ ಮನೆಗೆ. ಯಾರನ್ನೂ ಕೇಳಬೇಡ. ಪುಸ್ತಕ ತಗೊಂಡು ಬಾ, ಸಾಕು."

ಹೇಳಿದ ಮೇಲೆಯೇ ಆಕೆಗೆ ಅರಿವಾಯಿತು, ತಾನು ಈಗ ಹೇಳಿದ ವಿಳಾಸ ಅರ್ಜಿಯಲ್ಲಿ ಬರೆದ ವಿಳಾಸವಲ್ಲ ಎಂದು.

"ಮಗಳಾ?" ಕುರ್ಚಿಯಿಂದ ದೊಡ್ಡಮ್ಮ ಕೇಳಿದರು. "ಏನಂತೆ?"

"ಕ್ಷೇಮವಂತೆ ದೊಡ್ಡಮ್ಮಾ."

ಮುಂದಿನ ಗುರುತು ಖಾಲಿಯಾಯಿತು. ಕೌಂಟರಿನ ಗಾಜಿನ ಹಿಂದೆ, ಮುಖಕ್ಕೆ ಇನ್ನೊಂದು ಗಾಜು ಕಟ್ಟಿಕೊಂಡ, ರಾಯಭಾರ ಕಚೇರಿಯ ಯುವ ಅಧಿಕಾರಿಣಿ ಕೂತಿದ್ದಳು. ಎರಡು ಗಾಜುಗಳ ಹಿಂದಿನಿಂದ ಅವಳ ದನಿ ನೀರೊಳಗಿನಿಂದ ಬಂದ ಹಾಗೆ ಬರುತ್ತಿತ್ತು. ಎರಡು ಪಾಸ್‌ಪೋರ್ಟುಗಳನ್ನೂ ತೆಗೆದುಕೊಂಡಳು. ಎರಡರ ಬಣ್ಣ ಬೇರೆ. ಅಧ್ಯಕ್ಷರ ಪತ್ರವನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ನೀವು ಪ್ರಜೆ. ಇವರು ಪರದೇಶದವರು." ತಲೆ ಎತ್ತಿದಳು. "ಇಬ್ಬರೂ ಇಳಿದ ಮೇಲೆ ಇದೇ ವಿಳಾಸದಲ್ಲಿ ಒಟ್ಟಿಗೆ ಇರ್ತೀರಾ? ನಾನು ಮೊಹರು ಹಾಕಿದ ಮೇಲೆ ಬದಲಾಯಿಸೋದಕ್ಕೆ ಆಗಲ್ಲ. ಪೊಲೀಸರು ಬಂದು ನೋಡ್ತಾರೆ."

ಅಕ್ಕ ಒಳಗಿನ ಜೇಬಿನ ಬೀಗದ ಕೈಯನ್ನು ಮುಟ್ಟಿ ನೋಡಿಕೊಂಡಳು.

"ಕೇಳಿಸ್ತಾ? ಇವರು ನಿಮಗೆ ಏನಾಗಬೇಕು?"

ಏನಾಗಬೇಕು. ಯಾರನ್ನು ಕಂಡರೂ ಜನ ಕೇಳುವ ಮಾತು. ಉತ್ತರ ನಾಲಿಗೆಯ ಮೇಲೇ ಇತ್ತು. ನಾಲ್ಕು ದಿನ ಅಮ್ಮಾವ್ರು ಅದನ್ನು ಅಭ್ಯಾಸ ಮಾಡಿಸಿದ್ದರು, ದನಿಯಲ್ಲಿ ಸ್ವಲ್ಪ ಆರ್ದ್ರತೆ ಇರಲಿ ಎಂದೂ ಹೇಳಿದ್ದರು. ಇಷ್ಟು ವರ್ಷ ಆಕೆ ಯಾರ್ಯಾರಿಗೋ ಏನೇನೋ ಆಗಿದ್ದಳು. ಅಕ್ಕನಾಗಿದ್ದಳು, ಮನೆಯವಳಾಗಿದ್ದಳು, ಈಗ ಮಗಳೂ ಆಗಿದ್ದಳು. ಆಗುವುದೆಲ್ಲವೂ ಬೆಳಕು ಹರಿಯುವ ಮೊದಲೇ ಶುರುವಾಗುವ ಕೆಲಸಗಳು.

ಸುಳ್ಳು ಹೇಳಿ ಬಾಗಿಲವರೆಗೆ ಬಂದವಳನ್ನು ಆ ಕಾನೂನು ಒಳಗೆ ಬಿಡುತ್ತದೆಯೋ ಇಲ್ಲವೋ, ಗುಮಾಸ್ತ ಅದನ್ನು ಹೇಳಿರಲಿಲ್ಲ. ಕುರ್ಚಿಯ ಕೈಹಿಡಿಯ ಮೇಲೆ ದೊಡ್ಡಮ್ಮನ ಕೈ ಹುಡುಕುತ್ತ ಬಂದು ಆಕೆಯ ಬೆರಳುಗಳನ್ನು ಹಿಡಿದುಕೊಂಡಿತು. ಕೈಗೆ ಸಿಗುವ ಕಡೆ ಇರುವುದು ಅಕ್ಕನ ಅಭ್ಯಾಸವಾಗಿತ್ತು.

ಅಕ್ಕ ಬೆರಳುಗಳನ್ನು ಮೆಲ್ಲಗೆ ಬಿಡಿಸಿಕೊಂಡಳು. ಭುಜದಿಂದ ಔಷಧಿಯ ಚೀಲ ಇಳಿಸಿ ದೊಡ್ಡಮ್ಮನ ಮಡಿಲಲ್ಲಿ ಇಟ್ಟು, ಅದರ ಪಟ್ಟಿಯನ್ನು ಅವರ ಕೈಗೆ ಎರಡು ಸುತ್ತು ಸುತ್ತಿದಳು, ಜಾರದ ಹಾಗೆ.

"ಏನೂ ಆಗಬೇಕಿಲ್ಲ ಮೇಡಂ," ಎಂದಳು. "ನಾನು ಇವರ ಮನೆಕೆಲಸದವಳು. ಇವರ ಮಗ ಹೊರಗೆ ಕಾರಲ್ಲಿ ಕಾಯ್ತಿದ್ದಾರೆ, ಕರೆಸಿ. ನಾನೊಬ್ಬಳೇ ಹೋಗೋದು. ವಿಳಾಸ ಬೇರೆ ಇದೆ, ಬರ್ಕೊಳ್ಳಿ."